ಹೊಸ ಪುಸ್ತಕ ತಗೋಬೇಕಾ, ಹಳೇದೇ ಸಾಕಾ?

ನಾನು ಡಂಜನ್ಸ್ ಅಂಡ್ ಡ್ರಾಗನ್ಸ್ ಆಡಿಸುತ್ತೇನೆ ಅಂತ ಗೊತ್ತಿರುವವರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ: "2014ರ ಪುಸ್ತಕ ಮನೇಲಿದೆ. 2024ರದ್ದು ಬೇರೆ ತಗೋಬೇಕಾ?"

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಕಟ್ಟಿದ ಆಟ. ನಾಲ್ಕೈದು ಜನ ಟೇಬಲ್ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿದು, ಬಾಯಿಮಾತಲ್ಲೇ ಕಥೆ ನಡೆಸುತ್ತಾರೆ. ಪ್ರಪಂಚವನ್ನು ನೋಡಿಕೊಳ್ಳುವವರು ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ. ಆಗುತ್ತೋ ಇಲ್ಲವೋ ಅನ್ನುವ ಕಡೆ 20 ಮುಖದ ದಾಳ ಹಾಕುತ್ತಾರೆ. ಐದನೇ ಆವೃತ್ತಿ ಬಂದಿದ್ದು 2014ರಲ್ಲಿ. ಆಟಕ್ಕೆ 50 ವರ್ಷ ತುಂಬಿದ 2024ರಲ್ಲಿ ಅದೇ ನಿಯಮಗಳನ್ನು ತಿದ್ದಿ ಹೊಸ ಪುಸ್ತಕ ತಂದರು. ಆರನೇ ಆವೃತ್ತಿ ಅಂತ ಹೆಸರಿಡಲಿಲ್ಲ. ಆಟಗಾರರ ಪುಸ್ತಕ ಸೆಪ್ಟೆಂಬರ್‌ನಲ್ಲಿ ಬಂತು, ಡಿಎಂ ಪುಸ್ತಕ ನವೆಂಬರ್‌ನಲ್ಲಿ, ರಾಕ್ಷಸರ ಪುಸ್ತಕ 2025ರ ಫೆಬ್ರವರಿಯಲ್ಲಿ.

ನನ್ನ ಉತ್ತರ ಇಷ್ಟು. ಈಗ ಶುರು ಮಾಡುವವರು ಹೊಸದನ್ನೇ ಹಿಡಿಯಿರಿ. ಅರ್ಧ ದಾರಿಯಲ್ಲಿರುವ ಕಥೆ ಇದ್ದರೆ ಅದನ್ನು ಹಳೇದರಲ್ಲೇ ಮುಗಿಸಿ. ಏನೇ ಮಾಡಿದರೂ ಹಳೇ ಪುಸ್ತಕ ಮಾತ್ರ ಯಾರಿಗೂ ಕೊಡಬೇಡಿ.

ಹೊಸದು ಯಾಕೆ ಅಂದರೆ, ಆಯುಧ ಹಿಡಿದು ಕಾದಾಡುವ ಪಾತ್ರವಾದ ಫೈಟರ್‌ಗಾಗಿ. ನಮ್ಮ ಗುಂಪಿನಲ್ಲಿ ಒಬ್ಬ ಗೆಳತಿ ಯಾವಾಗಲೂ ಫೈಟರ್ ಆಡುತ್ತಾಳೆ. ಮಂತ್ರಗಳ ಪಟ್ಟಿ ಓದುವುದು ಅವಳಿಗೆ ಇಷ್ಟ ಇಲ್ಲ. ದೊಡ್ಡ ಕತ್ತಿ ಹಿಡಿದು ಮುಂದೆ ನಿಲ್ಲಬೇಕು, ಅಷ್ಟೇ. ಹಳೇ ನಿಯಮದಲ್ಲಿ ಅವಳ ಸರದಿ ಹೀಗಿರುತ್ತಿತ್ತು: ಎದುರಿಗೆ ಗಾಬ್ಲಿನ್ ಅನ್ನುವ ಪುಟ್ಟ ರಾಕ್ಷಸ. ಏಟು ಬೀಳಲು 15 ಬೇಕು. ದಾಳದಲ್ಲಿ 8 ಬಿತ್ತು, ಅವಳ ಪಾತ್ರಕ್ಕೆ ಸಿಗುವ 5 ಸೇರಿಸಿದರೆ 13. ತಪ್ಪಿತು. ಅರ್ಧ ನಿಮಿಷದಲ್ಲಿ ಸರದಿ ಮುಗೀತು. ಆಮೇಲೆ ವಿಝರ್ಡ್ ಯಾವ ಮಂತ್ರ ಹಾಕೋದು ಅಂತ ಯೋಚಿಸುವವರೆಗೂ ಅವಳು ಸುಮ್ನೆ ಕೂತಿರಬೇಕು. ಮೂರು ಸಲ ಒಂದರ ಹಿಂದೊಂದು ತಪ್ಪಿದ ದಿನ ಅವಳ ಮುಖ ನೋಡಲು ನನಗೆ ಬೇಜಾರಾಗುತ್ತಿತ್ತು.

ಹೊಸ ನಿಯಮದಲ್ಲಿ ಆಯುಧಕ್ಕೂ ಒಂದೊಂದು ಪಟ್ಟು ಇದೆ. ವೆಪನ್ ಮಾಸ್ಟರಿ ಅಂತ ಹೆಸರು. ಒಟ್ಟು ಎಂಟು ಬಗೆ. ಫೈಟರ್‌ಗೆ ಮೊದಲ ಮಟ್ಟದಲ್ಲೇ ಮೂರು ಆಯುಧಗಳ ಪಟ್ಟು ಬರುತ್ತದೆ. ಅದೇ ದೊಡ್ಡ ಕತ್ತಿ, ಅದೇ 13, ಏಟು ತಪ್ಪಿತು. ಆದರೂ ಕತ್ತಿಯ ಅಂಚು ತಾಗಿ ಅವಳ ಶಕ್ತಿಯ ಲೆಕ್ಕದಷ್ಟು, ಅಂದರೆ 3, ಗಾಬ್ಲಿನ್‌ಗೆ ಪೆಟ್ಟಾಗುತ್ತದೆ. ಇದು ಗ್ರೇಜ್. ಕತ್ತಿ ಬಿಟ್ಟು ದೊಡ್ಡ ಸುತ್ತಿಗೆ ಹಿಡಿದರೆ ಟಾಪಲ್. ಏಟು ಬಿದ್ದರೆ ಎದುರಾಳಿ 13 ಹಾಕಿ ತಡೆದುಕೊಳ್ಳಬೇಕು, ಇಲ್ಲದಿದ್ದರೆ ನೆಲಕ್ಕೆ. ಬಿದ್ದವನ ಪಕ್ಕದಲ್ಲಿ ನಿಂತವರೆಲ್ಲ ಎರಡೆರಡು ದಾಳ ಹಾಕಿ ಜಾಸ್ತಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮೊದಲ ಸಲ ಅವಳು ಹೀಗೆ ಒಬ್ಬನನ್ನು ಕೆಡವಿದಾಗ ಪಕ್ಕದಲ್ಲಿದ್ದ ರೋಗ್, ಅಂದರೆ ಕಳ್ಳನಂಥ ಚುರುಕಿನ ಪಾತ್ರ, ಆಡುವ ಹುಡುಗ ಕುರ್ಚಿಯಿಂದ ಎದ್ದೇ ನಿಂತ. ಅವಳ ಏಟು ಅವನಿಗೆ ದಾರಿ ಮಾಡಿಕೊಟ್ಟಿತ್ತು. ಸರದಿ ಮುಗಿದ ಮೇಲೂ ಅವಳು ಆಟದ ಒಳಗೇ ಇದ್ದಳು.

ಇದಕ್ಕೆ ಬೆಲೆಯೂ ಇದೆ. ಟಾಪಲ್ ಅಂದಾಗಲೆಲ್ಲ ಡಿಎಂ ಇನ್ನೊಂದು ದಾಳ ಹಾಕಬೇಕು. ಐದನೇ ಮಟ್ಟಕ್ಕೆ ಫೈಟರ್‌ಗೆ ಸರದಿಗೆ ಎರಡು ಏಟು, ಅಂದರೆ ಎರಡು ಸಲ ತಡೆಯುವ ದಾಳ. ಕಾಳಗ ಸ್ವಲ್ಪ ಎಳೆಯುತ್ತದೆ. ನನಗೆ ಅದು ಪರವಾಗಿಲ್ಲ. ಇನ್ನೊಂದು ಕಡೆ ಸಮಯ ಉಳಿಸಿದ್ದಾರೆ. ಹಳೇದರಲ್ಲಿ ಪ್ರಕೃತಿಯ ಮಂತ್ರವಾದಿ ಡ್ರೂಯಿಡ್ ಒಂದೇ ಮಂತ್ರದಲ್ಲಿ ಎಂಟು ತೋಳ ಕರೆಯಬಹುದಿತ್ತು. ಎಂಟು ತೋಳಕ್ಕೂ ಬೇರೆ ಬೇರೆ ದಾಳ. ಅದನ್ನು ತೆಗೆದಿದ್ದಾರೆ, ಒಳ್ಳೇದೇ ಆಯಿತು. ಗಾಯ ಮಾಯಿಸುವ ಮಂತ್ರಕ್ಕೆ ಒಂದು ದಾಳ ಇದ್ದದ್ದು ಎರಡಾಗಿದೆ. ಔಷಧಿ ಕುಡಿಯಲು ಈಗ ಬೋನಸ್ ಆಕ್ಷನ್, ಅಂದರೆ ಸರದಿಯ ಮುಖ್ಯ ಕೆಲಸದ ಜೊತೆಗೇ ಮಾಡುವ ಚಿಕ್ಕ ಕೆಲಸ, ಸಾಕು. ಪ್ಯಾಲಡಿನ್‌ನ ಸ್ಮೈಟ್, ಅಂದರೆ ಆ ಧರ್ಮಯೋಧನ ದೈವಶಕ್ತಿಯ ಏಟು, ಸರದಿಗೆ ಒಂದೇ ಸಲ ಅಂತ ಮಾಡಿದ್ದು ತುಂಬಾ ಜನಕ್ಕೆ ಬೇಸರ ತಂದಿದೆ, ನನಗೆ ಅದು ಸರಿ ಅನ್ನಿಸುತ್ತದೆ.

ಕನ್ನಡದಲ್ಲಿ ಆಡುವವರಿಗೆ ಇನ್ನೊಂದು ಬದಲಾವಣೆ ತುಂಬಾ ಮುಖ್ಯ. ಹಳೇದರಲ್ಲಿ ಎಲ್ಫ್, ಡ್ವಾರ್ಫ್, ಮನುಷ್ಯ ಇವಕ್ಕೆಲ್ಲ 'ರೇಸ್' ಅನ್ನುತ್ತಿದ್ದರು. ನಾವು ಅದನ್ನು ಕನ್ನಡದಲ್ಲಿ ಕೇಳುವಾಗ ಬಾಯಿಗೆ ಬರುತ್ತಿದ್ದದ್ದು "ನಿಂದು ಯಾವ ಜಾತಿ?" ಅಂತ. ಮೊದಲ ದಿನ ಬಂದ ಹುಡುಗನಿಗೆ ಈ ಪ್ರಶ್ನೆ ಕೇಳಿ, ಅವನು ಒಂದು ಕ್ಷಣ ಗಪ್ಪಾಗಿದ್ದು ನನಗೆ ಇನ್ನೂ ನೆನಪಿದೆ. ಜೊತೆಗೆ ನಿಯಮವೂ ಹಾಗೇ ಇತ್ತು. ಎಲ್ಫ್ ಆಗಿ ಹುಟ್ಟಿದರೆ ಚುರುಕು 2 ಜಾಸ್ತಿ, ಡ್ವಾರ್ಫ್ ಆಗಿ ಹುಟ್ಟಿದರೆ ಗಟ್ಟಿತನ 2 ಜಾಸ್ತಿ. ಹುಟ್ಟಿನಿಂದ ಸಾಮರ್ಥ್ಯ. ಹೊಸದರಲ್ಲಿ ಆ ಪದ ಹೋಗಿ 'ಸ್ಪೀಷೀಸ್' ಬಂದಿದೆ. ಸಾಮರ್ಥ್ಯ ಹೆಚ್ಚುವುದು ಹುಟ್ಟಿನಿಂದಲ್ಲ, ಬೆಳೆಯುವಾಗ ಮಾಡಿದ ಕೆಲಸದಿಂದ. ಸೈನಿಕನಾಗಿದ್ದೆಯಾ, ನಾವಿಕನಾಗಿದ್ದೆಯಾ, ಅದರಿಂದ. ಇದಕ್ಕೆ ಹಿನ್ನೆಲೆ ಅನ್ನುತ್ತಾರೆ. ಈಗ ನಮ್ಮ ಟೇಬಲ್‌ನಲ್ಲಿ ಮೊದಲ ಪ್ರಶ್ನೆ "ಮುಂಚೆ ಏನು ಮಾಡ್ಕೊಂಡಿದ್ದೆ?" ಅಂತ. ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಆದರೆ ಇಲ್ಲೇ ಒಂದು ತಪ್ಪನ್ನೂ ಮಾಡಿದ್ದಾರೆ. ಪ್ರತಿ ಹಿನ್ನೆಲೆಗೂ ಮೂರೇ ಸಾಮರ್ಥ್ಯ ಕಟ್ಟಿಬಿಟ್ಟಿದ್ದಾರೆ. ರೈತ ಅಂದರೆ ಶಕ್ತಿ, ಗಟ್ಟಿತನ, ವಿವೇಕ. ಹೊಲದಲ್ಲಿ ಬೆಳೆದ ಹುಡುಗಿ ವಿಝರ್ಡ್ ಆಗಬೇಕು ಅಂದರೆ ಅವಳ ಹಿನ್ನೆಲೆಯಿಂದ ಬುದ್ಧಿಗೆ ಒಂದು ಅಂಕವೂ ಸಿಗುವುದಿಲ್ಲ. ನನಗೆ ಇದು ನಿಜಕ್ಕೂ ಕೋಪ ತರಿಸುತ್ತದೆ. ಹೊಲದಿಂದ ಬಂದು ಓದಿದವರು ನಮ್ಮ ಮನೆ ಮನೆಯಲ್ಲೂ ಇದ್ದಾರೆ, ಅಲ್ವಾ? ಡಿಎಂ ಪುಸ್ತಕದಲ್ಲಿ ಸ್ವಂತ ಹಿನ್ನೆಲೆ ಕಟ್ಟುವ ದಾರಿ ಕೊಟ್ಟಿದ್ದಾರೆ. ಧೈರ್ಯವಾಗಿ ಬಳಸಿ. ನಾನು ಪ್ರತಿಯೊಬ್ಬರಿಗೂ ಬಿಡುತ್ತೇನೆ.

ಹಳೇ ಪುಸ್ತಕ ಇಟ್ಟುಕೊಳ್ಳಿ ಅನ್ನುವುದಕ್ಕೂ ಕಾರಣ ಈ ಹಿನ್ನೆಲೆಗಳೇ. 2014ರದ್ದರಲ್ಲಿ 'ಫೋಕ್ ಹೀರೋ' ಅಂತ ಒಂದಿತ್ತು. ಊರ ಜನರ ಪರ ನಿಂತವನು. ಅವನಿಗೆ ಒಂದು ವರ ಇತ್ತು: ಬಡವರ ಮನೆಯಲ್ಲಿ ಅವನಿಗೆ ಯಾವಾಗಲೂ ಜಾಗ ಉಂಟು. ಅಧಿಕಾರಿಗಳು ಹುಡುಕಿ ಬಂದರೂ ಬಚ್ಚಿಡುತ್ತಾರೆ, ಪ್ರಾಣ ಕೊಡುವ ಮಟ್ಟಿಗೆ ಮಾತ್ರ ಹೋಗುವುದಿಲ್ಲ. ದಾಳ ಇಲ್ಲ, ಲೆಕ್ಕ ಇಲ್ಲ. ಒಂದು ರಾತ್ರಿ ನಮ್ಮವರು ಕಾವಲುಗಾರರಿಂದ ತಪ್ಪಿಸಿಕೊಂಡು ಒಂದು ಗುಡಿಸಲ ಬಾಗಿಲು ತಟ್ಟಿದರು. ನಾನು ಒಳಗಿನ ಅಜ್ಜಿಯಾಗಿ "ಯಾರಪ್ಪಾ?" ಅಂದೆ. ಫೋಕ್ ಹೀರೋ ತನ್ನ ಹೆಸರು ಹೇಳಿದ. ಅಜ್ಜಿ ದೀಪ ಆರಿಸಿ, ಎಲ್ಲರನ್ನೂ ಒಳಗೆ ಕರೆದು, ಮುದ್ದೆ ಬಡಿಸಿದಳು. ಅರ್ಧ ಗಂಟೆ ಬರೀ ಮಾತು. ಆ ಆಟದ ನೂರು ಕಾಳಗ ಮರೆತಿದ್ದೇವೆ, ಆ ಅಜ್ಜಿಯನ್ನು ಯಾರೂ ಮರೆತಿಲ್ಲ. ಹೊಸ ಪುಸ್ತಕದಲ್ಲಿ ಇಂಥ ವರಗಳಿಲ್ಲ. ಅವುಗಳ ಜಾಗದಲ್ಲಿ ಫೀಟ್ ಅನ್ನುವ ಒಂದು ವಿಶೇಷ ಕೌಶಲ ಇದೆ, ಅದು ಹೆಚ್ಚಾಗಿ ಅಂಕಿ ಅಂಶದ ಲಾಭ. ಹಾಗಾಗಿ ಹಳೇ ಪುಸ್ತಕ ತೆರೆದು ಆ ಸಾಲುಗಳನ್ನು ಹೊಸ ಪಾತ್ರದ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಡುತ್ತೇನೆ. ಅದರಿಂದ ಯಾವ ನಿಯಮವೂ ಕೆಡುವುದಿಲ್ಲ.

ಕಾಳಗದ ನಿಯಮ ಮಾತ್ರ ಬೆರೆಸಬೇಡಿ. ಹಳೇದರಲ್ಲಿ ಹೊಂಚು ಹಾಕಿ ಮೇಲೆ ಬಿದ್ದರೆ ಎದುರಾಳಿಯ ಮೊದಲ ಸರದಿಯೇ ಹೋಗುತ್ತಿತ್ತು. ಹೊಸದರಲ್ಲಿ ಅವನು ಯಾರ ಸರದಿ ಮೊದಲು ಅಂತ ನೋಡುವ ದಾಳವನ್ನು ಎರಡು ಸಲ ಹಾಕಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳುತ್ತಾನೆ, ಅಷ್ಟೇ. ಒಬ್ಬರ ತಲೆಯಲ್ಲಿ ಅದು, ಇನ್ನೊಬ್ಬರ ತಲೆಯಲ್ಲಿ ಇದು ಇದ್ದರೆ ಒಳ್ಳೇ ಹೊಂಚು ಜಗಳದಲ್ಲಿ ಮುಗಿಯುತ್ತದೆ. ಹಳೇ ಸಾಹಸಕಥೆಗಳ ಪುಸ್ತಕಗಳನ್ನು ಹೊಸ ನಿಯಮದಲ್ಲಿ ಧಾರಾಳವಾಗಿ ಆಡಬಹುದು.

ದುಡ್ಡಿನ ಯೋಚನೆ ಇದ್ದವರಿಗೆ: ಎರಡೂ ಆವೃತ್ತಿಯ ಮೂಲ ನಿಯಮಗಳು ಉಚಿತವಾಗಿ ಸಿಗುತ್ತವೆ. ಹಳೇದನ್ನು 2023ರ ಜನವರಿಯಲ್ಲಿ, ಹೊಸದನ್ನು 2025ರ ಏಪ್ರಿಲ್‌ನಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟಿದ್ದಾರೆ. ಮೂಲ ಎಲ್ಲಿಂದ ಅಂತ ಹೇಳಿದರೆ ಸಾಕು, ಕನ್ನಡಕ್ಕೆ ತಂದು ಯಾರಿಗೆ ಬೇಕಾದರೂ ಹಂಚಬಹುದು. ನಾವು ಒಂದು ಹಾಳೆಯಿಂದ ಶುರು ಮಾಡಿದ್ದೇವೆ. ಪ್ರೋನ್‌ಗೆ 'ನೆಲಕ್ಕೆ ಬಿದ್ದ', ಗ್ರಾಪಲ್‌ಗೆ 'ಹಿಡಿತ', ಅಡ್ವಾಂಟೇಜ್‌ಗೆ 'ಮೇಲುಗೈ'. ಟಾಪಲ್‌ನಲ್ಲಿ ಎದುರಾಳಿ ಹಾಕುವಂಥ ದಾಳ ಇದೆಯಲ್ಲ, ಆ ಸೇವಿಂಗ್ ಥ್ರೋಗೆ ಇನ್ನೂ ಒಪ್ಪುವ ಮಾತು ಸಿಕ್ಕಿಲ್ಲ. ಸದ್ಯಕ್ಕೆ 'ತಡ್ಕೊಳ್ಳೋ ದಾಳ' ಅನ್ನುತ್ತಿದ್ದೇವೆ.