ಕೊಳ್ಳೋಕೆ ಹೋಗಿ ಮಾರೋಕೆ ನಿಂತೆ

ಚಿಕ್ಕಪೇಟೆಯಲ್ಲಿ ನಮ್ಮದೊಂದು ಫ್ಯಾನ್ಸಿ ಸ್ಟೋರ್ ಇದೆ. ಹೇರ್ ಕ್ಲಿಪ್, ಬಳೆ, ರಬ್ಬರ್ ಬ್ಯಾಂಡು, ಇಂಥವೇ. ಎರಡನೇ ಸಲ ಚೀನಾದ ಯೀವುಗೆ ಹೊರಟಾಗ ದುಭಾಷಿ ಬೇಡ ಅಂದುಕೊಂಡೆ. ಅಷ್ಟು ದುಡ್ಡು ಉಳಿಯುತ್ತಲ್ಲ! ಮೂರು ತಿಂಗಳಿಂದ ಫೋನಿನಲ್ಲಿ ಚೀನೀ ಭಾಷೆ ಕಲಿಯುತ್ತಿದ್ದೆ. ಕೊಳ್ಳೋದಕ್ಕೆ 'ಮೈ' ಅಂತಾರೆ. ಮೈಕೈ ನೋವಿನ ಮೈ ಎಂದು ನೆನಪಿಟ್ಟುಕೊಂಡೆ. ಮಾರೋದಕ್ಕೂ 'ಮೈ'ಯೇ, ರಾಗ ಮಾತ್ರ ಬೇರೆ ಎಂದು ಪಾಠದಲ್ಲಿತ್ತು. ರಾಗ ತಾನೇ, ನೋಡಿಕೊಳ್ಳೋಣ ಎಂದು ಬಿಟ್ಟೆ.

ಯೀವುವಿನ ಸಗಟು ಮಾರುಕಟ್ಟೆಯಲ್ಲಿ ಸುಮಾರು 75 ಸಾವಿರ ಮಳಿಗೆಗಳಿವೆ. ಕ್ಲಿಪ್ಪಿನ ಸಾಲಿನ ಒಂದು ಅಂಗಡಿಗೆ ನುಗ್ಗಿ, ಅಳುಕು ತೋರಬಾರದೆಂದು ಗಟ್ಟಿಯಾಗಿ "ವೊ ಮೈ!" ಎಂದೆ, ನಾನು ಕೊಳ್ತೀನಿ ಅನ್ನೋ ಲೆಕ್ಕದಲ್ಲಿ. ಅಂಗಡಿಯಾಕೆ ನನ್ನ ಬ್ಯಾಗಿನ ಕಡೆ ನೋಡಿ "ಮೈ ಶೆನ್ಮ?" ಎಂದು ಕೇಳಿದರು. ಶೆನ್ಮ ಅಂದರೆ ಏನು. ನಾನು ಅವರದೇ ಕ್ಲಿಪ್ ಕೈಗೆತ್ತಿಕೊಂಡು ಇದು ಎಂದು ತೋರಿಸಿದೆ. ಅವರ ಮುಖ ನೋಡಬೇಕಿತ್ತು! ಅವರ ಮಾಲನ್ನು ಅವರಿಗೇ ಮಾರಲು ನಿಂತಿದ್ದೆ.

ಗಟ್ಟಿಯಾಗಿ ಹೇಳಿದ್ದೇ ತಪ್ಪು. ಕೊಳ್ಳುವ 'ಮೈ'ಗೆ ದನಿ ಕೆಳಗಿಳಿದು ಮೆಲ್ಲಗೆ ಏಳಬೇಕು, ನಂಬಿಕೆ ಬಾರದೆ 'ಹೌದಾ?' ಎಂದು ಎಳೆಯುತ್ತೇವಲ್ಲ, ಹಾಗೆ. 'ಸಾಕು!' ಎಂದು ಗದರಿದ ಹಾಗೆ ಮೇಲಿಂದ ಬಿದ್ದರೆ ಅದು ಮಾರಾಟ. ಹೊರಗಿನವರು 'ಹಳ್ಳಿ'ಯನ್ನು 'ಹಲ್ಲಿ' ಅಂದಾಗ ನಾನೆಷ್ಟು ನಕ್ಕಿಲ್ಲ!

ಅವರು ಚೀಟಿಯ ಮೇಲೆ ಎರಡೂ ಅಕ್ಷರ ಬರೆದು ತೋರಿಸಿದರು. ಕೊಳ್ಳುವುದರ ತಲೆ ಮೇಲೆ ಒಂದು ಕೂಡಿಸುವ ಗುರುತು ಇಟ್ಟರೆ ಮಾರುವುದು. ಆ ಗುರುತು ಒಂಟಿಯಾಗಿದ್ದರೆ ಹತ್ತು ಎಂಬ ಅಂಕಿ. ಕೊಂಡದ್ದರ ಮೇಲೆ ಹತ್ತು ಹಾಕಿದರೆ ಮಾರಾಟ! ಅಪ್ಪ ನಲವತ್ತು ವರ್ಷದಿಂದ ಮಾಡುತ್ತಿರುವುದೂ ಇದೇ ಅಲ್ವಾ?

ಆಮೇಲೆ ರೇಟು. ನಾಲ್ಕಕ್ಕೆ 'ಸಿ', ಹತ್ತಕ್ಕೆ 'ಶಿ'. ಹದಿನಾಲ್ಕು 'ಶಿಸಿ', ನಲವತ್ತು 'ಸಿಶಿ'. ಆ ಕಡೆ ತುಂಬಾ ಜನ ಶಕಾರವನ್ನೂ ಸಕಾರ ಮಾಡುತ್ತಾರೆ, ಹಾಗಾಗಿ ಎರಡೂ 'ಸಿಸಿ'! ಡಜನ್ನಿಗೆ ನಲವತ್ತು ಯುವಾನ್ ಎಂದು ಕೇಳಿಸಿಕೊಂಡು ಹೊರಟೇ ಬಿಟ್ಟೆ. ಅವರು ಕ್ಯಾಲ್ಕುಲೇಟರ್ ಒತ್ತಿ ಹಿಂದಿನಿಂದ ಓಡಿ ಬಂದರು. 14.

ಚೌಕಾಸಿ ಮಾಡಿದೆ. "ಬಾ ಝ" ಎಂದರು. ಬಾ ಅಂದರೆ ಎಂಟು, ಝ ಅಂದರೆ ರಿಯಾಯಿತಿ. ಎಂಬತ್ತು ಪರ್ಸೆಂಟ್ ಡಿಸ್ಕೌಂಟ್! ಮನಸ್ಸಿನಲ್ಲೇ 2.80 ಎಂದು ಲೆಕ್ಕ ಹಾಕಿ, ಮುಖದಲ್ಲಿ ಖುಷಿ ತೋರಿಸದೆ ನಿಂತೆ. ಅವರು ಒತ್ತಿದ್ದು 11.20. ಅಲ್ಲಿ ಕಳೆಯುವುದನ್ನು ಹೇಳುವುದಿಲ್ಲ, ಕೊಡಬೇಕಾದ್ದನ್ನು ಹೇಳುತ್ತಾರೆ. ಎಂಟು ಝ ಅಂದರೆ ಹತ್ತರಲ್ಲಿ ಎಂಟು ಪಾಲು ಕೊಡು ಎಂದರ್ಥ. ಇದು ರಾಗದ ತಪ್ಪಲ್ಲ, ನನ್ನ ಆಸೆಯದು.

ಎಷ್ಟು ಡಜನ್ ಎಂದು ಕೇಳಿದರು. ನಲವತ್ತು ಬೇಕಿತ್ತು. ನಾನು ಸುಮ್ನೆ ಕ್ಯಾಲ್ಕುಲೇಟರಿಗೆ ಕೈ ಚಾಚಿದೆ. ಅವರು ಅದನ್ನು ತಮ್ಮ ಕಡೆಗೆ ಎಳೆದುಕೊಂಡು, ಹೇಳು ಎಂಬಂತೆ ಗಲ್ಲ ಎತ್ತಿದರು. ಉಸಿರೆಳೆದುಕೊಂಡು "ಸಿಶಿ" ಎಂದೆ. ಅವರು ಒತ್ತಿ ನನ್ನ ಕಡೆ ತಿರುಗಿಸಿದರು.

14.