ಬಿಳಿ ಎಳೆ, ಬಿಳಿ ರೆಕ್ಕೆ: ಸೀಗೆ ಹುಣ್ಣಿಮೆಯ ಸಾಗರ, ಸೊರಬ

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಹಳ್ಳಿಗಳನ್ನು ನೋಡುವುದಿದ್ದರೆ ದಸರಾ ಮುಗಿದು ಸೀಗೆ ಹುಣ್ಣಿಮೆ, ಅಂದರೆ ಗದ್ದೆಗೆ ಹೋಗಿ ಭೂಮಿಯನ್ನು ಪೂಜಿಸುವ ಹಬ್ಬ, ಬರುವುದರೊಳಗೆ ಹೋಗಬೇಕು. ಮಳೆ ಹಿಂದೆ ಸರಿದಿರುತ್ತದೆ, ಗದ್ದೆಯಲ್ಲಿ ಭತ್ತ ತೆನೆ ಬಿಡಲು ಹೊಡೆ ತುಂಬಿರುತ್ತದೆ, ದೀವರು ಎಂಬ ಸಮುದಾಯದವರ ಮನೆಗಳ ಜಗಲಿಯಲ್ಲಿ ಹೆಂಗಸರು ಹಬ್ಬಕ್ಕೆ ಗದ್ದೆಗೆ ಹೊರುವ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯುತ್ತ ಕೂತಿರುತ್ತಾರೆ. ಗುಡವಿ ಕೆರೆಯ ಹಕ್ಕಿಗಳೂ ಇನ್ನೂ ಜಾಗ ಬಿಟ್ಟಿರುವುದಿಲ್ಲ. ಕೈಕಸುಬು, ಹಕ್ಕಿ ಎರಡರ ಮೇಲೂ ಆಸೆಯಿಟ್ಟು ಕ್ಯಾಮೆರಾ ಹೊತ್ತು ತಿರುಗುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ನನಗೆ ಗೊತ್ತಿಲ್ಲ.

ಬೆಂಗಳೂರಿನಿಂದ ತಾಳಗುಪ್ಪಕ್ಕೆ ಹೋಗುವ ರಾತ್ರಿ ರೈಲಿನಲ್ಲಿ ಬಂದು ಸಾಗರದಲ್ಲಿ ಇಳಿದೆ. ಮೊದಲು ಹೆಗ್ಗೋಡಿನ ಕಡೆ ಹೋಗಿ ಭೀಮನಕೋಣೆಯ ಚರಕ ನೋಡಿದ್ದಾಯಿತು. ಊರಿನ ಹೆಣ್ಣುಮಕ್ಕಳು ಕೈಮಗ್ಗದಲ್ಲಿ ನೇಯುವ, ಅಡಿಕೆ ಚೊಗರಿನಲ್ಲಿ ಬಣ್ಣ ಕಟ್ಟುವ ಸಂಸ್ಥೆ ಅದು. ಅಡಿಕೆ ಬೇಯಿಸಿದ ನೀರು ಬಟ್ಟೆಗೆ ಅಂಥ ಕೆಂಗಂದು ಕೊಡುತ್ತದೆಂಬುದನ್ನು ಕಣ್ಣಾರೆ ಕಂಡೇ ನಂಬಬೇಕು. ಅದರ ಬಗ್ಗೆ ಬೇರೆಯೇ ಬರೆಯಬೇಕು. ಈ ಸಲ ನನ್ನ ಮನಸ್ಸೆಲ್ಲ ಬುಟ್ಟಿಯ ಮೇಲಿತ್ತು.

ಪರಿಚಯದವರೊಬ್ಬರು ಮೊದಲೇ ಹೇಳಿಟ್ಟಿದ್ದ ಮನೆಗೆ ಮಧ್ಯಾಹ್ನ ತಲುಪಿದೆ. ಬಿದಿರಿನ ಬುಟ್ಟಿಗೆ ಸಗಣಿ ಮೆತ್ತಿ, ಒಣಗಿಸಿ, ಮೇಲೆ ಕೆಮ್ಮಣ್ಣು ಬಳಿದು ಇಟ್ಟಿದ್ದರು. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ನೆನೆಸಿದ ಅಕ್ಕಿ ಅರೆದರೆ ಬಿಳಿ, ಸುಟ್ಟ ಅಕ್ಕಿ ಅರೆದರೆ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚ ಪುಂಡಿ ನಾರಿನದು. ಮನೆಯೊಡತಿ ನಾರಿನ ತುದಿಯನ್ನು ಕಲ್ಲಿನ ಮೇಲೆ ಜಜ್ಜಿ, ಬೆರಳಲ್ಲಿ ಎಳೆ ಬಿಡಿಸಿ ನನಗೆ ತೋರಿಸಿದರು.

“ಜಾಸ್ತಿ ಜಜ್ಜಬಾರ್ದು ತಮ್ಮಾ. ಎಳೆ ದಪ್ಪ ಬರ್ತದೆ” ಎಂದರು.

ಅವರು ಬರೆಯತೊಡಗಿದಾಗ ಕುಂಚ ಹೋದ ದಾರಿ ನನಗೆ ಕಾಣಿಸಲೇ ಇಲ್ಲ. ಅಕ್ಕಿ ಹಿಟ್ಟಿನ ನೀರು ಹಸಿಯಿದ್ದಾಗ ಕೆಮ್ಮಣ್ಣಿನ ಮೇಲೆ ಬರೀ ಒದ್ದೆ ಗೆರೆ. ಅವರ ಕೈ ಒಂದು ಗೇಣು ಮುಂದೆ ಹೋದ ಮೇಲೆ ಹಿಂದಿನ ಗೆರೆ ಆರುತ್ತ ಆರುತ್ತ ಬೆಳ್ಳಗಾಗಿ ಮೇಲೇಳುತ್ತಿತ್ತು. ಅಂದರೆ ಅವರು ಕಣ್ಣಿಗೆ ಸರಿಯಾಗಿ ಕಾಣದ ಗೆರೆಯ ಪಕ್ಕದಲ್ಲೇ ಮುಂದಿನದನ್ನು ಎಳೆಯುತ್ತಿದ್ದರು, ಅದೂ ಒಂದಕ್ಕೊಂದು ತಾಗದ ಹಾಗೆ. ಅಡ್ಡ ಎಳೆಗಳಾದ ಮೇಲೆ ಪಪ್ಪಳಿ, ಜೋಗಿ ಜಡೆ, ಗೊಂಬೆ ಸಾಲು ಎಂಬ ವಿನ್ಯಾಸಗಳು, ಕೊನೆಗೆ ಭತ್ತದ ಸಸಿ. ಮದುವೆ ಮನೆಯ ಹಸೆ ಗೋಡೆಗೆ ಬರೆಯುವ ಚಿತ್ತಾರದ ಕೈಯೇ ಇಲ್ಲಿ ದುಂಡನೆಯ ಬುಟ್ಟಿಯ ಮೇಲೆ ತಿರುಗುತ್ತದೆ. ಗೋಡೆ ನಿಂತಲ್ಲೇ ಇರುತ್ತದೆ. ಇಲ್ಲಿ ಎಡಗೈ ಬುಟ್ಟಿ ತಿರುಗಿಸುವ ವೇಗಕ್ಕೂ ಬಲಗೈ ಗೆರೆಗೂ ಹೊಂದಿಕೆಯಾಗಬೇಕು. ಆ ಎಡಗೈಯನ್ನೇ ನಾನು ಹೆಚ್ಚು ತೆಗೆದೆ.

ಜಗಲಿಯಲ್ಲಿ ಬೆಳಕು ಒಂದೇ ಪಕ್ಕದಿಂದ ಬರುತ್ತಿತ್ತು. ಅದು ವರವೇ. ಪಕ್ಕದ ಬೆಳಕಿಗೆ ಒಣಗಿದ ಹಿಟ್ಟಿನ ಎಳೆ ಮಣ್ಣಿನಿಂದ ಕೂದಲೆಳೆಯಷ್ಟು ಉಬ್ಬಿ ನಿಂತದ್ದು ಕಾಣುತ್ತದೆ. ಫ್ಲಾಶ್ ಹಾಕಿದರೆ ಆ ಉಬ್ಬು ಹೋಗಿ ಅಚ್ಚು ಹಾಕಿದ ಕಾಗದದಂತಾಗುತ್ತದೆ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡಲಿಲ್ಲ, ನೆರಳಿನ ಸೆಟ್ಟಿಂಗಿಗೆ ಕಟ್ಟಿಹಾಕಿದೆ. ಆಟೋದಲ್ಲಿದ್ದರೆ ಚೌಕಟ್ಟಿನ ತುಂಬ ಇರುವ ಕೆಂಪನ್ನು ಕ್ಯಾಮೆರಾ ತಾನೇ ತಗ್ಗಿಸಿ ಕೆಮ್ಮಣ್ಣಿನ ಜೀವ ತೆಗೆಯುತ್ತದೆ. ಎಕ್ಸ್‌ಪೋಷರನ್ನೂ, ಅಂದರೆ ಚಿತ್ರಕ್ಕೆ ಬೀಳುವ ಬೆಳಕನ್ನೂ, ಮುಕ್ಕಾಲು ಸ್ಟಾಪಿನಷ್ಟು ಇಳಿಸಬೇಕಾಯಿತು. ಹಿನ್ನೆಲೆ ಗಾಢವಾಗಿದ್ದರೆ ಮೀಟರು ಒಟ್ಟು ಚಿತ್ರಕ್ಕೆ ಬೆಳಕು ಏರಿಸುತ್ತದೆ, ಬಿಳಿ ಎಳೆ ಸುಟ್ಟುಹೋಗುತ್ತದೆ.

ಮರುದಿನ ಗುಡವಿಯಲ್ಲಿ ಇದೇ ಲೆಕ್ಕ ಕೈಹಿಡಿಯಿತು. ಸೊರಬದಿಂದ ಸುಮಾರು 16 ಕಿ.ಮೀ. ದೂರದ ಈ ಪಕ್ಷಿಧಾಮದ ವಿಸ್ತಾರ 0.73 ಚದರ ಕಿ.ಮೀ. ಮಾತ್ರ. ಕೆರೆ, ನೀರೊಳಗೇ ನಿಂತ ಮರಗಳು, ಸುತ್ತ ಕಾಡು. ಮರಗಳ ನೆತ್ತಿಯ ತುಂಬ ಬಿಳಿ ಕೆಂಬರಲು (ಐಬಿಸ್), ಕೆಳಗಿನ ಕೊಂಬೆಗಳಲ್ಲಿ ನೀರುಕಾಗೆ, ಹಾವಕ್ಕಿ. ಹಾವಕ್ಕಿಯ ಗರಿ ನೀರು ಹೀರಿಕೊಳ್ಳುವಂಥದ್ದು. ಮುಳುಗಿ ಮೀನು ಹಿಡಿಯಲು ಅದರಿಂದ ಅನುಕೂಲವೇ, ಆದರೆ ಮೇಲೆ ಬಂದ ಮೇಲೆ ರೆಕ್ಕೆ ಹರಡಿ ಒಣಗಿಸಲೇಬೇಕು. ಹಾಗಾಗಿ ಅದು ಚಿತ್ರಕ್ಕೆ ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಕೆಂಬರಲು ನಿಲ್ಲುವುದಿಲ್ಲ. ಕಡುಹಸಿರಿನ ಮುಂದೆ ಅದು ರೆಕ್ಕೆ ಬಿಚ್ಚಿದಾಗ, ಕೆಮ್ಮಣ್ಣಿನ ಮೇಲಿನ ಎಳೆಗೆ ಮಾಡಿದಂತೆಯೇ ಬೆಳಕು ಇಳಿಸಿದರೆ ಮಾತ್ರ ಬಿಳಿಯೊಳಗಿನ ಒಂದೊಂದು ಗರಿಯೂ ಉಳಿಯುತ್ತದೆ. ಗೂಡಿನ ಹತ್ತಿರ ಹೋಗಲು ಯಾರೂ ಆಸೆಪಡಬೇಡಿ. ವೀಕ್ಷಣಾ ಗೋಪುರದಿಂದ ಕಾಣುವಷ್ಟು ಸಾಕು. ಹಕ್ಕಿ ಎದ್ದು ಹಾರುವಂತೆ ಚಪ್ಪಾಳೆ ತಟ್ಟುವವರನ್ನು ಅಲ್ಲೇ ಕಂಡೆ. ಅಂಥ ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ನನಗೆ ಬೇಡ.

ಹುಣ್ಣಿಮೆಯ ಹಿಂದಿನ ರಾತ್ರಿ ಬುಟ್ಟಿ ಬರೆದ ಆ ಮನೆಯಲ್ಲಿ ಯಾರೂ ಮಲಗಲಿಲ್ಲ. ಒಳಗೆ ಕಡುಬು, ಹಲವು ಬಗೆಯ ಸೊಪ್ಪು, ಕುಡಿ ಸೇರಿಸಿದ ಅಡುಗೆ. ಹೊಡೆ ತುಂಬಿದ ಭೂಮಿ ಬಸುರಿ ಹೆಂಗಸು, ಇದು ಅವಳ ಬಯಕೆಯ ಊಟ. ನಸುಕಿನಲ್ಲಿ ಗಂಡಸರು ಬುಟ್ಟಿ ಹೊತ್ತು ಹೊರಟರು. ಗದ್ದೆಯಲ್ಲಿ ಭತ್ತದ ಸಸಿಗೆ ಮನೆಯ ಹೆಣ್ಣುಮಕ್ಕಳ ಸರ ತೊಡಿಸಿ ಪೂಜೆ ಮಾಡಿ, ಅಚ್ಚಂಬಲಿಯ ಕೂಗು ಹಾಕುತ್ತ ಬದುವಿನುದ್ದಕ್ಕೂ ಚರಗ, ಅಂದರೆ ಭೂಮಿಗೆ ಅರ್ಪಿಸುವ ಆ ಅಡುಗೆ, ಬೀರಿದರು. ಕಾಗೆಗೂ ಇಲಿಗೂ ಒಂದೊಂದು ಪಾಲು. ಹಿಂದಿನ ದಿನಗಳಲ್ಲಿ ಜಗಲಿಯಲ್ಲಿ ಅಷ್ಟು ನಾಜೂಕಾಗಿ ಕಂಡ ಬುಟ್ಟಿ ಇಲ್ಲಿ ಕೆಸರು ಬದುವಿನ ಮೇಲೆ ಕೂತಿತ್ತು, ಅದರ ಮೇಲಿನ ಭತ್ತದ ಸಸಿಯ ಪಕ್ಕದಲ್ಲೇ ನಿಜವಾದ ಸಸಿ ಬಾಗಿತ್ತು. ಪೇಟೆಯ ಮೇಳಗಳಲ್ಲಿ ಗಾಜಿನ ಹಿಂದಿಟ್ಟ ಚಿತ್ತಾರ ನೋಡಿ ಮೆಚ್ಚಿದ್ದೇನೆ. ಆದರೆ ಅದು ಯಾರ ಊಟಕ್ಕಾಗಿ ಬರೆದದ್ದೆಂದು ಗದ್ದೆಗೆ ಬಂದವರಿಗಷ್ಟೇ ಗೊತ್ತಾಗುತ್ತದೆ.

ಮಧ್ಯಾಹ್ನ ಎಲ್ಲರೂ ಕ್ಯಾಮೆರಾದ ಪರದೆಯ ಮೇಲೆ ಚಿತ್ರ ನೋಡಿದರು. ನಾನು ಬಹಳ ಇಷ್ಟಪಟ್ಟಿದ್ದ ಎಳೆಗಳ ಕ್ಲೋಸಪ್ ಬಂದಾಗ ಆ ತಾಯಿ ಸುಮ್ಮನಿದ್ದರು. ಬದುವಿನ ಮೇಲಿನ ಬುಟ್ಟಿ ಬಂದಾಗ, “ಇದನ್ನು ದೊಡ್ಡದು ಮಾಡಿ ಕಳ್ಸು. ಗದ್ದೆ ಕಾಣ್ತದೆ” ಎಂದರು. ಊರಿಗೆ ಬಂದ ವಾರದಲ್ಲೇ ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸಿದೆ. ಮುಂದಿನ ಹುಣ್ಣಿಮೆಗೆ ಆ ಕಡೆ ಹೋಗುವವರು ಕೇಳದೆ ಜಗಲಿ ಹತ್ತಬೇಡಿ. ಬುಟ್ಟಿ ಬೇಕೆನಿಸಿದರೆ ಬರೆದವರ ಕೈಯಿಂದಲೇ ಕೊಳ್ಳಿ, ತೆಗೆದ ಚಿತ್ರದ ಒಂದು ಪ್ರತಿ ಅವರಿಗೂ ತಲುಪಿಸಿ.