ಇಲ್ಲಿ ಬಹಿಣ್, ಅಲ್ಲಿ ಲಕ್ಷ್ಮಿ

ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಕಲಬುರಗಿ ಕಡೆಯವರು. ಪುಣೆಗೆ ಬಂದಾಗ ಮಗಳು ಇನ್ನೂ ಕೈಗೂಸು, ಈಗ ಆರನೇ ಕ್ಲಾಸು. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಹೆಂಗಸರಿಗಾಗಿ ಲಾಡಕಿ ಬಹಿಣ್ (ಮರಾಠಿಯಲ್ಲಿ ಮುದ್ದಿನ ತಂಗಿ) ಯೋಜನೆ ತಂದಾಗ, ತಿಂಗಳಿಗೆ 1,500 ರೂಪಾಯಿ ಬರುತ್ತೆ ಅಂತ ಅವರ ಕೇರಿಯ ಹೆಂಗಸರೆಲ್ಲ ಅರ್ಜಿ ಹಿಡಿದು ಓಡಿದರು, ಇವರೂ ಓಡಿದರು. ಮೊದಲು ಡೊಮಿಸೈಲ್ ಸರ್ಟಿಫಿಕೇಟ್, ಅಂದರೆ ಇದೇ ರಾಜ್ಯದ ನಿವಾಸಿ ಅನ್ನೋ ಪತ್ರ ಬೇಕಿತ್ತು. ಆಮೇಲೆ ನಿಯಮ ಸಡಿಲಿಸಿ, 15 ವರ್ಷ ಹಿಂದಿನ ಇಲ್ಲಿನ ರೇಷನ್ ಕಾರ್ಡೋ ವೋಟರ್ ಕಾರ್ಡೋ ಇದ್ದರೂ ನಡೆಯುತ್ತೆ ಅಂದರು. ಬಂದೇ ಅಷ್ಟು ವರ್ಷ ಆಗಿಲ್ಲ, ಕಾರ್ಡ್ ಎಲ್ಲಿಂದ ತರೋದು?

ಊರಲ್ಲಿ ಗೃಹಲಕ್ಷ್ಮಿಯ 2,000 ಸಿಗಲ್ವಾ ಅಂತ ಕೇಳಿದೆ. ಊರಿನ ರೇಷನ್ ಕಾರ್ಡಿನಲ್ಲಿ ಮನೆ ಯಜಮಾನಿ ಅವರ ಅತ್ತೆ! ಸಿಕ್ಕರೂ ಅತ್ತೆಗೇ.

ಅಕ್ಕಿಯದು ಮಾತ್ರ ಪರವಾಗಿಲ್ಲ. ಒನ್ ನೇಷನ್ ಒನ್ ರೇಷನ್ ಕಾರ್ಡ್ ಬಂದ ಮೇಲೆ ಊರಿನ ಕಾರ್ಡಿನ ಮೇಲೆ ಇಲ್ಲೇ ಹೆಬ್ಬೆಟ್ಟು ಒತ್ತಿ ತರುತ್ತಾರೆ. ಅದೂ, ಪಾತ್ರೆ ತಿಕ್ಕಿ ತಿಕ್ಕಿ ಸವೆದ ಬೆರಳನ್ನು ಮಷಿನ್ ಗುರುತಿಸಿದ ದಿನ.